ಗುಲಾಬಸಾಬ ಕಾಕಾನ ಉಂಗುರ ಬೆರಳು

೧೯೯೪ರ ಏಪ್ರಿಲ್ ಹದಿನಾಲ್ಕರಂದು ನವನಗರದಲ್ಲಿ ಅಂಬೇಡ್ಕರ್ ಜಯಂತಿಯ ಕಾರ್ಯಕ್ರಮ ನಡೆಯುತ್ತಿದ್ದಾಗ ಹಾಡುವವರ ಮೈಕು ಕೆಟ್ಟಿತು. ಅದು ಕೆಡದಿದ್ದರೆ ನಾನು ಗಿಟಾರು ಹಿಡಿಯುತ್ತಿರಲಿಲ್ಲ.

ಆಗ ನನಗೆ ಹದಿನಾರು ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ಆರ್ಕೆಸ್ಟ್ರಾದವರು ಭೀಮಗೀತೆಗಳನ್ನು ಅರ್ಧ ಹಾಡಿದ್ದರು. ಮೈಕಿನವನು ವೈರು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ, ಜನ ಏಳತೊಡಗಿದ್ದರು. ಆಗ ವೇದಿಕೆಯ ಮೂಲೆಯಲ್ಲಿ ಕೂತಿದ್ದ ಗಿಟಾರಿನವರು ಯಾರನ್ನೂ ಕೇಳದೆ ಏನೋ ಬಾರಿಸಲು ಶುರು ಮಾಡಿದರು. ನಲವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಅಷ್ಟು ಹೊತ್ತೂ ಹಾಡುಗಳ ಹಿಂದೆ ಅಡಗಿಕೊಂಡಂತಿದ್ದ ಗಿಟಾರಿನಿಂದ ಈಗ ದಪ್ಪನೆಯ ಒಡಕು ದನಿ ಬಂತು. ನನ್ನ ಎದೆಯ ಗೂಡು ಅದುರಿತು. ಎದ್ದವರು ಕೆಲವರು ನಿಂತು ಕೇಳಿದರು, ಕೆಲವರು ಕಿವಿ ಮುಚ್ಚಿಕೊಂಡರು. ಮೂರು ನಿಮಿಷ ಅಷ್ಟೇ. ಮೈಕು ಸರಿಯಾಯಿತು, ಅವರು ಮತ್ತೆ ಹಿಂದೆ ಸರಿದರು.

ಕಾರ್ಯಕ್ರಮ ಮುಗಿದ ಮೇಲೆ ನಾನು ವೇದಿಕೆಯ ಹಿಂದೆ ಹೋದೆ. ಅವರು ವೈರು ಸುತ್ತುತ್ತಿದ್ದರು.

“ಅದನ್ನ ನಂಗ ಕಲಿಸ್ತೀರೇನ್ರಿ?” ಅಂದೆ.

“ಯಾವದನ್ನ ಯವ್ವಾ? ಹಾಡೋ, ನಡಕ ಬಾರಿಸಿದ ಆ ಗದ್ದಲಾನೋ?”

“ಆ ಗದ್ದಲಾನರಿ.”

ಅವರು ವೈರು ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇಪ್ಪತ್ತು ವರ್ಷದಲ್ಲಿ ಹಾಗೆ ಕೇಳಿದವಳು ನೀನೊಬ್ಬಳೇ ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಅಂದು ಮಾತ್ರ, “ಗೋಕುಲ ರಸ್ತೆದಾಗ ನಮ್ಮ ಕಾರ್ಖಾನಿ ಐತಿ. ರವಿವಾರ ಮಷೀನು ಬಂದ್ ಇರ್ತಾವ. ನಿಮ್ಮಪ್ಪಾರನ್ನ ಕರ್ಕೊಂಡು ಬಾ,” ಎಂದರು. ಅವರ ಹೆಸರು ಗುಲಾಬಸಾಬ. ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಮಷೀನಿನ ಕೆಲಸ, ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾ, ಮನೆ ಗಬ್ಬೂರಿನಲ್ಲಿ.

ಅಪ್ಪನನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅಪ್ಪ, ಶಶಿಕುಮಾರ, ಹೈಸ್ಕೂಲು ಮಾಸ್ತರರು. ಗಟ್ಟಿಯಾಗಿ ಮಾತಾಡಿದವರಲ್ಲ. ನಾನು ಗಿಟಾರು ಅಂದಾಗ ಓದುತ್ತಿದ್ದ ಪೇಪರು ಮಡಚಿಟ್ಟರು.

“ನಿಮ್ಮ ಅಜ್ಜ ಯಂಕಣ್ಣ ಊರಾಗ ಹಲಗಿ ಬಾರಿಸ್ತಿದ್ದ,” ಎಂದರು. “ಹೆಣ ಎದ್ರೂ ಬಾರಿಸ್ಬೇಕು, ದ್ಯಾವ್ರು ಎದ್ರೂ ಬಾರಿಸ್ಬೇಕು. ಒಲ್ಲೆ ಅನ್ನೋಹಂಗ ಇರಲಿಲ್ಲ. ಅದನ್ನ ಬಿಟ್ಟು ಓದಾಕ ಬಂದೇವಿ ನಾವು. ನೀ ಈಗ ಮತ್ತ ಬಾರಿಸ್ತೀನಿ ಅಂತಿ.”

ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಕಸ್ತೂರೆವ್ವ ಮೊರ ಕೆಳಗಿಟ್ಟು ಬಾಗಿಲಿಗೆ ಬಂದಳು.

“ಮಂದಿ ಬಾರಿಸು ಅಂದಾಗ ಬಾರಿಸೋದು ಬ್ಯಾರೆ, ಶಶಿ. ಇದು ತಾನ ಬಾರಿಸ್ತೀನಿ ಅನ್ನಾಕತ್ತೈತಿ. ನಿಮ್ಮಪ್ಪಗೂ ಹಲಗಿ ಮ್ಯಾಲ ಸಿಟ್ಟು ಇರಲಿಲ್ಲ. ಮನ್ಯಾಗ ಯಾರೂ ಇರದಾಗ ತನ್ನಷ್ಟಕ ತಾ ಬಾರಿಸ್ತಿದ್ದ. ಆಗಿನ ಹಲಗಿ ದನೀನ ಬ್ಯಾರೆ ಇತ್ತು. ನಾ ಕೇಳೀನಿ.”

ಅಪ್ಪನಿಗೆ ಅದು ಗೊತ್ತಿರಲಿಲ್ಲ. ಮುಂದಿನ ರವಿವಾರ ನನ್ನ ಜೊತೆ ಬಸ್ಸು ಹತ್ತಿದರು.

ಕಾರ್ಖಾನೆ ಎಂದರೆ ತಗಡಿನ ಒಂದು ಶೆಡ್ಡು. ನೆಲದ ತುಂಬ ಕಬ್ಬಿಣದ ಸುರುಳಿ ಚೂರುಗಳು, ಮಷೀನಿನ ಎಣ್ಣೆಯ ವಾಸನೆ. ಅಪ್ಪ ಮೊದಲ ನಾಲ್ಕು ರವಿವಾರ ಒಂದು ಕಟ್ಟಿಗೆಯ ಪೆಟ್ಟಿಗೆ ಬೋರಲು ಹಾಕಿ ಕೂತು ಪೇಪರು ಓದಿದರು. ಐದನೆಯ ವಾರದಿಂದ ನಾನೊಬ್ಬಳೇ ಹೋದೆ.

ಕಾಕಾ ಕಲಿಸುವ ರೀತಿ ಹೀಗಿತ್ತು. ಟೇಪ್ ರೆಕಾರ್ಡರಿನಲ್ಲಿ ಒಂದು ರಾಕ್ ಹಾಡಿನ ನಾಲ್ಕು ಸಾಲು ಕೇಳಿಸುವುದು, ನಿಲ್ಲಿಸುವುದು. “ಮೊದಲ ಬಾಯಾಗ ತೊಗೊಂಡು ಬಾ,” ಎನ್ನುವುದು. ಶಬ್ದ ಇಂಗ್ಲಿಷು, ಅರ್ಥ ಇಬ್ಬರಿಗೂ ಅರ್ಧಂಬರ್ಧ. ಅದಕ್ಕೇ ಲಲಲಾ ಎಂದು ಗಿಟಾರಿನ ದನಿಯನ್ನೇ ಹಾಡಬೇಕು. ತಪ್ಪಿದರೆ ಮತ್ತೆ ಟೇಪು. ಬಾಯಲ್ಲಿ ಸರಿಯಾಗಿ ಬರುವ ತನಕ ಗಿಟಾರು ಮುಟ್ಟಗೊಡುತ್ತಿರಲಿಲ್ಲ. “ಬಾಯಾಗ ಬರಲಾರದ್ದು ಬಟ್ಟಿನ್ಯಾಗ ಬರಂಗಿಲ್ಲ,” ಎಂದು ತಮ್ಮ ಬೆರಳು ಅಲ್ಲಾಡಿಸುವರು. ಬಾಯಿಗೆ ಬಂದ ಮೇಲೆ ತಾವು ಬಾರಿಸಿ ತೋರಿಸುವರು, ನಾನು ಅವರ ಕೈ ನೋಡಿ ಹಾಗೆಯೇ ಇಡುವೆ. ಆರನೆಯ ರವಿವಾರ ನಾನು ಒಂದು ಹಾಡನ್ನು ಮೊದಲಿನಿಂದ ಕೊನೆಯ ತನಕ ಬಾರಿಸಿದೆ. ಆ ದಿನ ನವನಗರದ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದೆ.

ಸ್ವರಕ್ಕಾಗಲಿ, ಸ್ವರಗಳ ಗುಂಪಿಗಾಗಲಿ ಕಾಕಾ ಪುಸ್ತಕದ ಹೆಸರು ಹೇಳುತ್ತಿರಲಿಲ್ಲ, ಗೊತ್ತೂ ಇರಲಿಲ್ಲ. ಗಿಟಾರಿನಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ಹಿಡಿಯುವುದಕ್ಕೆ ಕಾರ್ಡ್ ಎನ್ನುತ್ತಾರಲ್ಲ, ಅವಕ್ಕೆ ತಮ್ಮದೇ ಹೆಸರು ಇಟ್ಟುಕೊಂಡಿದ್ದರು. ಹಾಡು ಎಲ್ಲಿಂದ ಹೊರಟು ಎಲ್ಲಿಗೆ ಬಂದು ನಿಲ್ಲುವುದೋ ಅದು ಮನಿ. ಸ್ವಲ್ಪ ಹೊರಗೆ ಬಂದು ಕೂತ ಹಾಗೆ ಅನಿಸುವುದು ಕಟ್ಟಿ. ಊರ ಬಾಗಿಲಿಗೆ ಬಂದಂತೆ ಅನಿಸುವುದು ಅಗಸಿ. ಒಬ್ಬರೇ ಹೋಗಿ ಅತ್ತು ಬರುವ ಜಾಗ ಹಿತ್ತಲ.

“ಅಗಸ್ಯಾಗ ನಿಂತಾವಂಗ ಮನಿ ನೆನಪಾಗಬೇಕು,” ಎನ್ನುವರು. “ನೆನಪಾತೋ? ಹಂಗಾರ ಈಗ ನಡಿ ಮನಿಗೆ.”

ಹಾಗೆ ನಡೆಯುತ್ತ ನಡೆಯುತ್ತ ಯಾವ ಹೊಸ ಹಾಡು ಕೇಳಿದರೂ ಎಲ್ಲಿ ಅಗಸಿ, ಎಲ್ಲಿ ಹಿತ್ತಲ ಎಂದು ನನಗೆ ತಾನಾಗಿ ತಿಳಿಯತೊಡಗಿತು.

ಒಮ್ಮೆ ನಾನು ಕೇಳಿದೆ, “ಕಾಕಾ, ಇದನ್ನ ಪುಸ್ತಕದಾಗ ಬರದಿರ್ತಾರಲ್ಲ, ಅದನ್ಯಾಕ ಕಲಿಸಂಗಿಲ್ಲ ನೀವು?”

“ಹದಿನೆಂಟರ ವಯಸ್ಸಿನ್ಯಾಗ ಒಬ್ರು ಮಾಸ್ತರ ಹತ್ರ ಹೋಗಿದ್ದೆ ನಾ,” ಎಂದರು. “ಹತ್ತು ತಿಂಗಳು ಒಂದು, ಎರಡು, ಮೂರು, ನಾಕು ಅಂತ ಬಟ್ಟು ಎತ್ತಿ ಇಡಿಸಿದ್ರು. ಒಂದ ಹಾಡು ಕಲಿಸಲಿಲ್ಲ. ಹನ್ನೊಂದನೇ ತಿಂಗಳಿಗೆ ಬಿಟ್ಟೆ. ಹಸ್ತು ಬಂದಾವಗ ಅಡಗಿ ಪುಸ್ತಕ ಓದಾಕ ಕೊಟ್ಟಂಗಾತು ಅದು. ನಾ ಯಾರಿಗೂ ಹಂಗ ಮಾಡಂಗಿಲ್ಲ ಅಂತ ಅವತ್ತ ಅಂದ್ಕೊಂಡೇನಿ.”

ಮೂರು ವರ್ಷ ಕಳೆಯಿತು. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಸೇರಿದ್ದೆ. ಕಾಲೇಜಿನಲ್ಲಿ ನಾಲ್ಕು ಜನ ಸೇರಿ ಒಂದು ಬ್ಯಾಂಡು ಕಟ್ಟಿದೆವು. ಕೀಬೋರ್ಡಿಗೆ ವಿದ್ಯಾ ಎಂಬ ಹುಡುಗಿ ಬಂದಳು. ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದವಳು. ಮೊದಲ ದಿನವೇ ನಾನು ಬಾರಿಸಿದ್ದನ್ನು ಕೇಳಿ, “ಭಾಳ ಛಲೋ ಐತಿ. ಯಾವ ಸ್ಕೇಲು ಇದು?” ಅಂದಳು. ಸ್ವರಗಳ ಸಾಲಿಗೆ ಸ್ಕೇಲು ಎನ್ನುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. “ಹೋಗ್ಲಿ, ಎರಡನೇ ಕಾರ್ಡು ಯಾವದು?” ಅಂದಳು. ಅದು ಕಟ್ಟಿ ಎಂದು ಹೇಳಲು ನನಗೆ ನಾಚಿಕೆಯಾಯಿತು. ವಿದ್ಯಾ ನಗಲಿಲ್ಲ. ಕೈ ನೋಡಿ ಗುರುತಿಸಿ ತಾನೇ ಹೆಸರು ಹೇಳಿದಳು. ಆದರೂ ಅಂದಿನಿಂದ ನನಗೆ ಕಾಕಾನ ಮೇಲೆ ಒಂದು ಸಣ್ಣ ಅಸಮಾಧಾನ ಹುಟ್ಟಿತು. ಅಕ್ಷರ ಕಲಿಸದೆ ಪದ್ಯ ಬಾಯಿಪಾಠ ಮಾಡಿಸಿದ್ದಾರೆ ಎನಿಸಿತು.

ಆ ವರ್ಷ ನವೆಂಬರಿನಲ್ಲಿ ಎಡ ಮಣಿಕಟ್ಟು ನೋಯತೊಡಗಿತು. ಡಿಸೆಂಬರಿನಲ್ಲಿ ಕಾಲೇಜುಗಳ ನಡುವಿನ ಸ್ಪರ್ಧೆ ಇತ್ತು. ದಿನಕ್ಕೆ ಮೂರು ನಾಲ್ಕು ತಾಸು ಅಭ್ಯಾಸ ಮಾಡುತ್ತಿದ್ದೆ. ನೋವಿಗೆ ಮುಲಾಮು ಹಚ್ಚಿ, ಬಟ್ಟೆ ಕಟ್ಟಿ ಮುಂದುವರಿಸಿದೆ. ಸ್ಪರ್ಧೆಗೆ ಒಂಬತ್ತು ದಿನ ಇದ್ದಾಗ ಒಗೆದ ಚಾದರ ಹಿಂಡಲು ಹೋದೆ, ಕೈ ಹಿಡಿಯಲೇ ಇಲ್ಲ. ಕಿರುಬೆರಳಿನಿಂದ ಮೊಣಕೈ ತನಕ ಬೆಂಕಿ ಓಡಿದ ಹಾಗಾಯಿತು. ಚಾದರ ನೀರಿನಲ್ಲೇ ಬಿದ್ದಿತು.

ಹುಬ್ಬಳ್ಳಿಯ ಎಲುಬಿನ ಡಾಕ್ಟರು ಕೈ ಒತ್ತಿ ನೋಡಿ, ಒಳಗೆ ಸ್ನಾಯುಗಳು ಬಾತಿವೆ ಎಂದರು. ಏನು ಕೆಲಸ ಮಾಡುತ್ತಿ ಎಂದು ಕೇಳಿದರು. ಗಿಟಾರು ಎಂದೆ. “ಹೆಂಗ ಹಿಡೀತಿ, ತೋರಿಸು,” ಎಂದು ತಮ್ಮ ಮೇಜಿನ ಮೇಲಿದ್ದ ಉದ್ದನೆಯ ಸ್ಕೇಲು ಕೊಟ್ಟರು. ನಾನು ಅದನ್ನು ಗಿಟಾರಿನಂತೆ ಹಿಡಿದೆ. ಮಣಿಕಟ್ಟು ಒಳಕ್ಕೆ ಪೂರ್ತಿ ಮಡಚಿತ್ತು, ಹೆಬ್ಬೆರಳು ಮೇಲಕ್ಕೆ ಬಂದಿತ್ತು, ಉಂಗುರ ಬೆರಳು ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು, ಕಿರುಬೆರಳು ಅದರ ಕೆಲಸವನ್ನೂ ಮಾಡಲು ಎಳೆದುಕೊಂಡು ಹೋಗಿತ್ತು.

“ಈ ಬಟ್ಟು ಯಾಕ ನೆಟ್ಟಗ ನಿಂತೈತಿ?” ಎಂದರು ಡಾಕ್ಟರು. “ನೋವೇನು?”

“ಇಲ್ರಿ. ಅದು ಹಂಗ ಹಿಡಿಯೋದರಿ.”

“ಯಾರು ಕಲಿಸಿದ್ರು ಹಂಗ ಹಿಡಿಯಾಕ?”

ನಾನು ಸ್ಕೇಲನ್ನು ಮೇಜಿನ ಮೇಲೆ ಇಟ್ಟೆ. ಎರಡು ತಿಂಗಳು ಗಿಟಾರು ಮುಟ್ಟಬಾರದು, ಮುಟ್ಟಿದರೂ ಹೀಗೆ ಹಿಡಿಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಕಾಕಾನ ಕೈ ಕಣ್ಣ ಮುಂದೆ ಬಂತು. ಚಹಾದ ಬಸಿ ಹಿಡಿಯುವಾಗ, ಲೇಥಿನ ಹಿಡಿಕೆ ತಿರುಗಿಸುವಾಗ, ಬೆವರು ಒರೆಸಿಕೊಳ್ಳುವಾಗ ಆ ಬೆರಳು ಯಾವಾಗಲೂ ನೆಟ್ಟಗೆ ಇರುತ್ತಿತ್ತು. ಮೂರೂವರೆ ವರ್ಷ ನಾನು ಅದನ್ನು ನೋಡಿದ್ದೆ. ಅದು ಅವರ ಗತ್ತು ಎಂದೇ ತಿಳಿದಿದ್ದೆ. ಥೇಟ್ ಗುಲಾಬಸಾಬರ ಕೈ ಎಂದು ಆರ್ಕೆಸ್ಟ್ರಾದವರು ಹೊಗಳಿದಾಗ ಹಿಗ್ಗಿದ್ದೆ.

ಆ ರವಿವಾರ ಗಿಟಾರಿಲ್ಲದೆ ಶೆಡ್ಡಿಗೆ ಹೋದೆ. ಕಾಕಾ ತಂತಿ ಬದಲಿಸುತ್ತ ಕೂತಿದ್ದರು.

“ಕಾಕಾ, ನಿಮ್ಮ ಎಡಗೈ ಉಂಗುರ ಬಟ್ಟು ಮಡಚ್ರಿ,” ಅಂದೆ.

ಅವರು ನಕ್ಕರು. “ಅದು ಎಲ್ಲಿ ಮಡಚತೈತಿ? ಎಂಬತ್ಮೂರರಾಗ ಕಾರ್ಖಾನ್ಯಾಗ ಪ್ರೆಸ್ ಮಷೀನಿನ ಕೆಳಗ ಸಿಕ್ಕಿತ್ತು. ಬಟ್ಟು ಉಳೀತು, ಗೆಣ್ಣು ಸತ್ತಹೋತು. ಆರು ತಿಂಗಳು ಗಿಟಾರು ಬಿಟ್ಟಿದ್ದೆ. ಆಮ್ಯಾಲ ಹಿಂಗ ಕೈ ತಿರುವಿ ಹಿಡದ್ರ ಬರತೈತಿ ಅಂತ ಕಂಡ್ಕೊಂಡೆ. ಯಾಕ?”

ನಾನು ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಬಾತ ಕೈ ತೋರಿಸಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಕಾಕಾ ನನ್ನ ಕೈಯನ್ನು ನೋಡಿದರು, ತಮ್ಮ ಕೈಯನ್ನು ನೋಡಿದರು.

“ಯಾ ಅಲ್ಲಾ,” ಎಂದರು ಮೆಲ್ಲಗೆ. “ನಾ ನನ್ನ ಗಾಯಾನ ನಿನಗ ಕಲಿಸೀನಲ್ಲ ತಂಗಿ.”

“ಒಂದು ಮಾತು ಹೇಳಬೇಕಿತ್ತರಿ ಕಾಕಾ. ನನ್ನ ಬಟ್ಟು ಹಿಂಗೈತಿ, ನೀ ಹಂಗ ಇಡಬ್ಯಾಡ ಅಂತ ಒಂದ ಮಾತು.”

“ನಾ ನಿನ್ನ ಕೈ ನೋಡಲೇ ಇಲ್ಲ. ಕಣ್ಣು ಮುಚ್ಚಿ ಬರೇ ಕೇಳಿದೆ. ಕೇಳಾಕ ಛಲೋ ಇತ್ತು, ಅಷ್ಟಕ್ಕ ಖುಷಿಯಾದೆ.”

ಅದು ಖರೇ ಇತ್ತು. ನಾನು ಬಾರಿಸುವಾಗ ಅವರು ಕಣ್ಣು ಮುಚ್ಚಿಯೇ ಇರುತ್ತಿದ್ದರು. ಆದರೆ ಆ ದಿನ ನನಗೆ ಅದು ಕೇಳಿಸಿಕೊಳ್ಳುವ ಮಾತಾಗಿರಲಿಲ್ಲ. ಸ್ಪರ್ಧೆ ಹೋಯಿತು, ಹೆಸರು ಹೇಳಲು ಬಾರದು, ಕೈಯೂ ಹೋಯಿತು ಎಂದು ಏನೇನೋ ಅಂದೆ. ನಾನು ಹೊರಗೆ ಬಂದಾಗ ಅವರು ತಂತಿಯೊಂದನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದರು.

ಏಳು ವಾರ ನಾನು ಆ ಕಡೆ ಹೋಗಲಿಲ್ಲ. ಎಂಟನೆಯ ವಾರ ಅವರೇ ನವನಗರಕ್ಕೆ ಬಂದರು. ಒಗೆದ ಅಂಗಿ, ಕೈಯಲ್ಲಿ ಅವರ ಹೆಂಡತಿ ಅಬೀದಾ ಚಿಕ್ಕಮ್ಮ ಕಟ್ಟಿಕೊಟ್ಟ ಶೀರ್ಕುರ್ಮಾ ಎಂಬ ಶ್ಯಾವಿಗೆ ಪಾಯಸದ ಡಬ್ಬಿ. ಈದ್ ಆಗಿ ಎರಡು ದಿನವಾಗಿತ್ತು. ಅಪ್ಪ ಕುರ್ಚಿ ಕೊಟ್ಟರು. ಕಾಕಾ ನನ್ನನ್ನು ನೋಡದೆ ಅಪ್ಪನಿಗೆ ಹೇಳಿದರು.

“ಧಾರವಾಡದಾಗ ಒಬ್ರು ಮಾಸ್ತರು ಸಿಕ್ಕಾರ್ರಿ ಸರ. ಮಾಳಮಡ್ಡಿಯೊಳಗ. ಯಜ್ಞೇಶ್ವರ ಅಂತ, ರೇಲ್ವೆದಾಗಿಂದ ರಿಟೈರ್ ಆದವ್ರು. ಮುಂಬೈದಾಗ ಇದ್ದಾಗ ಗಿಟಾರು, ವಯಲಿನ್ನು ಎಲ್ಲಾ ಪುಸ್ತಕದ ಪ್ರಕಾರ ಕಲ್ತಾರಂತ. ಆರು ರವಿವಾರ ಹುಡಿಕೇನಿ. ರಾಕು ಕಲಿಸಂಗಿಲ್ಲ ಅಂದ್ರು. ರಾಕು ಬ್ಯಾಡ್ರಿ, ಆಕಿ ಕೈ ಒಂದು ಸರಿ ಮಾಡಿಕೊಡ್ರಿ ಅಂತ ಕೇಳ್ಕೊಂಡೇನಿ.”

ಅಪ್ಪ ಕೇಳಿದರು, “ಮಾಳಮಡ್ಡಿ ಅಂತೀರಿ, ಬ್ರಾಹ್ಮಣರ ಓಣಿ ಅದು. ಒಳಗ ಕೂಡಿಸ್ತಾರೇನ್ರಿ ನಮ್ಮ ಹುಡುಗೀನ್ನ?”

“ನನ್ನ ಒಳಗ ಕೂಡಿಸಿ ಚಹಾ ಕೊಟ್ರರಿ. ನನ್ನ ಕೂಡಿಸಿದವ್ರು ಈಕೀನ್ನೂ ಕೂಡಿಸ್ತಾರ.”

ಆ ದಿನ ನಾನು ಅವರೊಂದಿಗೆ ಹೆಚ್ಚು ಮಾತಾಡಲಿಲ್ಲ. ಆದರೆ ಅವರು ಹೋದ ಮೇಲೆ ಶೀರ್ಕುರ್ಮಾ ತಿನ್ನುತ್ತ ಲೆಕ್ಕ ಹಾಕಿದೆ. ವಾರಕ್ಕೆ ಅವರಿಗೆ ಒಂದೇ ರಜೆ. ನಾನು ಬಯ್ದು ಬಂದ ಮಾರನೆಯ ವಾರದಿಂದಲೇ ಅವರು ಧಾರವಾಡದ ಓಣಿಗಳಲ್ಲಿ ಮನೆಮನೆ ಕೇಳುತ್ತ ತಿರುಗಿದ್ದರು.

ಯಜ್ಞೇಶ್ವರ ಮಾಸ್ತರರಿಗೆ ಆಗ ಅರವತ್ತೆರಡು. ಬಿಳಿ ಪೈಜಾಮ, ದಪ್ಪ ಕನ್ನಡಕ, ಕೈಯಲ್ಲಿ ಯಾವಾಗಲೂ ಒಂದು ಪೆನ್ಸಿಲು. ಮೊದಲ ದಿನ ಕಾಕಾ ನನ್ನನ್ನು ಬಿಟ್ಟು ಹೋಗಲು ಬಂದು ಗೋಡೆಗೆ ಒರಗಿ ಕೂತರು. ಮಾಸ್ತರರು ಗಿಟಾರನ್ನು ನನ್ನ ಎಡ ತೊಡೆಯ ಮೇಲೆ ಇಡಿಸಿ, ಹೆಬ್ಬೆರಳನ್ನು ಹಿಂದೆ ಇರಿಸಿ, ಮಣಿಕಟ್ಟನ್ನು ನೆಟ್ಟಗೆ ಮಾಡಿ, “ಹೀಂಗ ಇರಲಿ. ನೋವು ಬಂದ ಕೂಡಲೇ ಬಿಡು. ನೋವು ತಾಳ್ಕೊಂಡು ಬಾರಿಸೋದು ಶೂರತನ ಅಲ್ಲ,” ಎಂದರು. ಕೆಲಸ ಮರೆತಿದ್ದ ನನ್ನ ಉಂಗುರ ಬೆರಳು ತಂತಿಯ ಮೇಲೆ ಕೂಡಲು ಒಪ್ಪಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಎತ್ತಿ ಇಟ್ಟೆ. ಗೋಡೆಗೆ ಒರಗಿದ್ದ ಕಾಕಾ ತಲೆ ತಗ್ಗಿಸಿದರು. ಹತ್ತು ತಿಂಗಳು ಅವರನ್ನು ಬೇಸರಪಡಿಸಿದ ಅದೇ ಪಾಠ ಇದು.

ಆಮೇಲೆ ಮಾಸ್ತರರು ನನ್ನ ಕಿವಿ ಪರೀಕ್ಷೆ ಮಾಡೋಣ ಎಂದರು. ಬೆನ್ನು ತಿರುಗಿಸಿ ಕೂಡಿಸಿ ವಯಲಿನ್ನಿನಲ್ಲಿ ಎರಡು ಸ್ವರ ನುಡಿಸಿದರು. ಹಾಡಿ ತೋರಿಸಿದೆ. ನಾಲ್ಕು ಸ್ವರ, ಎಂಟು ಸ್ವರ, ಕಡೆಗೆ ಒಂದಿಡೀ ಸಾಲು. ಎಲ್ಲವನ್ನೂ ತಿರುಗಿಸಿ ಹಾಡಿದೆ. ಗಿಟಾರಿನ ಮೇಲೆ ಒಂದೊಂದೇ ಬೆರಳಿನಿಂದ ಹುಡುಕಿಯೂ ತೋರಿಸಿದೆ. ಮಾಸ್ತರರು ವಯಲಿನ್ನು ಕೆಳಗಿಟ್ಟರು.

“ನನ್ನ ಕಡೆ ಆರು ವರ್ಷ ಕಲ್ತವರಿಗೆ ಇದು ಬರೋದಿಲ್ಲ. ಈ ಕಿವಿ ಯಾರು ಮಾಡಿದ್ದು?”

ನಾನು ಗೋಡೆಯ ಕಡೆ ನೋಡಿದೆ. “ಕಾಕಾ ಮಾಡಿದ್ದರಿ,” ಅಂದೆ.

ಕಾಕಾ ಎದ್ದು, ಬಸ್ಸಿಗೆ ತಡವಾಗುತ್ತದೆ ಎಂದು ಹೇಳಿ ಹೊರಟುಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತೋ ಏನೋ, ನಾನು ಸರಿಯಾಗಿ ನೋಡಲಿಲ್ಲ.

ಮುಂದಿನ ಎರಡು ವರ್ಷ ನಾನು ಮಾಳಮಡ್ಡಿಗೆ ಹೋದೆ. ಸುಖವಾಗಿತ್ತು ಎಂದು ಹೇಳಲಾರೆ. ಮೊದಲ ಆರು ತಿಂಗಳು ಬಹಳ ಒಣಗಿದಂತಿತ್ತು. ಎಷ್ಟೋ ವಾರ ಬಿಟ್ಟುಬಿಡೋಣ ಎನಿಸಿದೆ. ಬಿಡದೇ ಇದ್ದದ್ದು ನನ್ನ ಶ್ರದ್ಧೆಯಿಂದಲ್ಲ. ಆ ಪಾಠಗಳ ಆಚೆ ಏನಿದೆ ಎನ್ನುವುದನ್ನು ಮೂರು ವರ್ಷ ಮೊದಲೇ ಉಂಡಿದ್ದೆ, ಅದಕ್ಕೆ. ನನ್ನ ಜೊತೆ ಸೇರಿದ ಇಬ್ಬರು ನಾಲ್ಕನೆಯ ತಿಂಗಳಿಗೆ ಬಿಟ್ಟರು. ಅವರು ಇನ್ನೂ ಒಂದು ಹಾಡನ್ನೂ ಬಾರಿಸಿರಲಿಲ್ಲ.

ಒಂದು ದಿನ ಮಾಸ್ತರರು ಪಾಟಿಯ ಮೇಲೆ ಏಳು ಸ್ವರ ಬರೆದು, ಒಂದನೆಯದರ ಮೇಲೆ ಕಟ್ಟಿದ ಕಾರ್ಡು, ನಾಲ್ಕನೆಯದರ ಮೇಲಿನದು, ಐದನೆಯದರ ಮೇಲಿನದು ಎಂದು ತೋರಿಸಿದರು. ಐದನೆಯದು ಯಾಕೆ ಒಂದನೆಯದಕ್ಕೆ ಮರಳಲು ಹಾತೊರೆಯುತ್ತದೆ ಎಂದು ವಿವರಿಸತೊಡಗಿದರು. ಅರ್ಧ ವಾಕ್ಯಕ್ಕೇ ನನಗೆ ನಗು ಬಂತು.

“ಏನಾತು?”

“ಇದು ಅಗಸಿ ಅಲ್ಲೇನ್ರಿ ಸರ?” ಅಂದೆ. ಮನಿ, ಕಟ್ಟಿ, ಅಗಸಿ ಎಲ್ಲವನ್ನೂ ಹೇಳಿದೆ. ಆರನೆಯ ಸ್ವರದ ಮೇಲಿನ ಕಾರ್ಡಿಗೆ ಹಿತ್ತಲ ಅನ್ನುತ್ತೇವೆ ಎಂದೂ ಹೇಳಿದೆ. ಮಾಸ್ತರರು ಗಿಟಾರು ತೆಗೆದುಕೊಂಡು ಒಂದೊಂದನ್ನೇ ನುಡಿಸಿದರು. ಮನಿಯಿಂದ ಹಿತ್ತಲಿಗೆ ಹೋದರು. ಎರಡು ಸಲ ಹೋದರು.

“ಹಿತ್ತಲ,” ಎಂದರು. “ಮನೀದ ಭಾಗನ ಅದು, ಆದ್ರ ಮುಂದಿನ ಬಾಗಲದಿಂದ ಕಾಣಸೋದಿಲ್ಲ. ಪುಸ್ತಕದಾಗ ಇಷ್ಟು ಛಲೋ ಹೇಳಿಲ್ಲ. ಅವರನ್ನ ಒಮ್ಮೆ ಕರ್ಕೊಂಡು ಬಾ ನನ್ನ ಹತ್ರ.”

ಕಾಕಾ ಬರಲಿಲ್ಲ. ಅಕ್ಷರ ಬಾರದವ ಪಂಡಿತರ ಮುಂದೆ ಏನು ಕೂಡುವುದು ಎಂದರು. ಆ ಹೊತ್ತಿಗೆ ನಾನು ಮತ್ತೆ ಶೆಡ್ಡಿಗೆ ಹೋಗುತ್ತಿದ್ದೆ. ಮಾಳಮಡ್ಡಿಯ ಪಾಠ ಶನಿವಾರ, ಗೋಕುಲ ರಸ್ತೆ ರವಿವಾರ. ಬಯ್ದದ್ದಕ್ಕೆ ತಪ್ಪಾಯಿತು ಎಂದು ಹೇಳಲು ಒಂದು ದಿನ ಬಾಯಿ ತೆರೆದೆ. ಕಾಕಾ ಕೈ ಎತ್ತಿ ತಡೆದರು. “ಬಯ್ದಿ ಅಂತ ನಾ ಧಾರವಾಡ ನೋಡಿದೆ,” ಎಂದರು, ಅಷ್ಟೇ. ಆಮೇಲೆ ತಾವೇ ಕೇಳಿದರು, “ಅಲ್ಲಿ ಏನ್ ಕಲ್ತಿ ಅದನ್ನ ನಂಗ ಹೇಳ್ತಿಯೇನು?”

ನಲವತ್ತಾರನೆಯ ವಯಸ್ಸಿನಲ್ಲಿ ಅವರು ನನ್ನ ಮುಂದೆ ನೋಟುಬುಕ್ಕು ಹಿಡಿದು ಕೂತರು. ಐದು ಗೆರೆಗಳ ಮೇಲೆ ಸ್ವರ ಬರೆಯುವುದನ್ನು ತೋರಿಸಿದೆ. ತಿಂಗಳುಗಟ್ಟಲೆ ಬೇಕಾಗುತ್ತದೆ ಎಂದುಕೊಂಡಿದ್ದೆ. ಅವರು ಗೆರೆಗಳನ್ನು ದಿಟ್ಟಿಸಿ, “ಇದು ನಮ್ಮ ಮಷೀನಿನ ಡ್ರಾಯಿಂಗ್ ಇದ್ದಂಗ ಐತಿ,” ಎಂದರು. “ಎತ್ತರ ಎಷ್ಟು, ಉದ್ದ ಎಷ್ಟು, ಎಲ್ಲಿ ಖಾಲಿ ಬಿಡಬೇಕು. ಇಪ್ಪತ್ತು ವರ್ಷ ಇದನ್ನ ಓದೇನಿ ನಾ.” ಮೂರನೆಯ ವಾರಕ್ಕೆ ಓದತೊಡಗಿದರು. ತಾವು ಮನಿ, ಅಗಸಿ ಎನ್ನುತ್ತಿದ್ದವಕ್ಕೆ ಪುಸ್ತಕದ ಹೆಸರು ಬರೆದುಕೊಳ್ಳುವಾಗ ಅವರ ಮುಖದಲ್ಲಿ ಇದ್ದ ಸಂತೋಷವನ್ನು ನಾನು ಬೇರೆಲ್ಲೂ ಕಂಡಿಲ್ಲ. “ಹಂಗಾರ ನಾ ತಪ್ಪು ಹೇಳಿರಲಿಲ್ಲ,” ಎಂದರು.

“ಇಲ್ಲ ಕಾಕಾ.”

“ಆ ಮಾಸ್ತರು ಹತ್ತು ತಿಂಗಳದಾಗ ಒಂದ ಒಂದು ಹಾಡು ಕೊಟ್ಟಿದ್ರ, ಇದನ್ನ ನಾ ಹದಿನೆಂಟಕ್ಕ ಕಲೀತಿದ್ದೆ ನೋಡು.” ನೋಟುಬುಕ್ಕು ಮುಚ್ಚಿ, “ನಾ ಒಂದ ಒಂದ್ಸಲ ನಿನ್ನ ಕೈ ನೋಡಿದ್ರ, ನಿನಗ ಆ ನೋವು ಬರ್ತಿರಲಿಲ್ಲ,” ಎಂದು ಸೇರಿಸಿದರು.

೨೦೦೦ದ ಮಳೆಗಾಲದಲ್ಲಿ ಯಜ್ಞೇಶ್ವರ ಮಾಸ್ತರರೇ ಕೊಡೆ ಹಿಡಿದು ಬಸ್ಸು ಹತ್ತಿ ಗೋಕುಲ ರಸ್ತೆಗೆ ಬಂದರು. ಅವರು ಬರಲಿಲ್ಲ, ನಾನೇ ಹೋಗುತ್ತೇನೆ ಎಂದು ಹೊರಟವರು. ಕಾಕಾ ಗಾಬರಿಯಾಗಿ ಪೆಟ್ಟಿಗೆ ಒರೆಸಿ ಕೂಡಿಸಿದರು. ಇಬ್ಬರೂ ಬಹಳ ಹೊತ್ತು ಒಬ್ಬರಿಗೊಬ್ಬರು ‘ರಿ’ ಹಚ್ಚಿ ಮಾತಾಡಿದರು. ಮಾಸ್ತರರು ಕಾಕಾನ ಬೆರಳನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಂದು ಮಾತು ಹೇಳಿದರು.

“ಗಿಟಾರನ್ನ ಬ್ಯಾರೆ ರೀತಿ ಶ್ರುತಿ ಮಾಡಿದ್ರ ಏನೂ ಒತ್ತದ ನೀವು ಮನಿ ಅನ್ನೋ ಕಾರ್ಡು ತಾನ ಬರತದ. ಆಗ ಒಂದು ಲೋಹದ ನಳಿಗಿ ಬೆರಳಿಗೆ ಹಾಕ್ಕೊಂಡು ತಂತಿ ಮ್ಯಾಲ ಜಾರಿಸಬೇಕು. ಕುತ್ತಿಗಿ ಮ್ಯಾಲಿನ ಐದನೇ ಅಡ್ಡಗೆರಿಗೆ ಜಾರಿದ್ರ ಕಟ್ಟಿ, ಏಳನೇದಕ್ಕ ಜಾರಿದ್ರ ಅಗಸಿ. ಅದಕ್ಕ ಮಡಚದ ಬೆರಳ ಬೇಕು. ನಿಮ್ಮದು ಮಡಚೂದ ಇಲ್ಲ.”

ನಾನೂ ಆ ಪಾಠ ಓದಿದ್ದೆ, ಆದರೆ ಕಾಕಾನ ಬೆರಳಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಕಾಕಾ ಎದ್ದು ಒಂದು ಉಕ್ಕಿನ ತುಂಡು ಹುಡುಕಿ ತಂದರು. ಬೆರಳಿನ ಅಳತೆ ತೆಗೆದರು. ರವಿವಾರ ಚಾಲೂ ಮಾಡದ ಲೇಥನ್ನು ಅಂದು ಚಾಲೂ ಮಾಡಿದರು. ಮುಕ್ಕಾಲು ತಾಸಿನಲ್ಲಿ ಕನ್ನಡಿಯಂತೆ ಹೊಳೆಯುವ ನಳಿಗೆ ಅವರ ಉಂಗುರ ಬೆರಳಿನ ಮೇಲೆ ಕೂತಿತ್ತು. ತಂತಿಗಳನ್ನು ಮಾಸ್ತರರು ಹೇಳಿದಂತೆ ಶ್ರುತಿ ಮಾಡಿ, ಕೆಳಗೆ ಒಂದು ಸಣ್ಣ ಪಟ್ಟಿ ಕೊಟ್ಟು ಎತ್ತರಿಸಿ, ಕಾಕಾ ಕೈಯನ್ನು ನೆಟ್ಟಗೆ ಇಟ್ಟು ಜಾರಿಸಿದರು. ಮೊದಲ ದನಿ ಬೆಕ್ಕಿನ ಹಾಗೆ ಬಂತು. ಮೂವರೂ ನಕ್ಕೆವು. ಹತ್ತನೆಯ ಸಲಕ್ಕೆ ಅದು ಮನುಷ್ಯ ಹಾಡಿದ ಹಾಗೆ ಬಂತು. ಹದಿನೇಳು ವರ್ಷದ ನಂತರ ಆ ಬೆರಳು ತಂತಿ ಮುಟ್ಟಿತ್ತು.

ಕಾಕಾ ಆ ಸಂಜೆ ಬಾರಿಸಿದ್ದನ್ನು ನಾನು ವರ್ಣಿಸಲು ಹೋಗುವುದಿಲ್ಲ. ರಾಕ್ ಅಂದರೆ ಗದ್ದಲ ಎನ್ನುತ್ತಿದ್ದ ಮಾಸ್ತರರು ಕೊಡೆಯನ್ನು ಅಲ್ಲೇ ಮರೆತು ಹೋದರು.

ಈಗ ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಮಧ್ಯಾಹ್ನ, ರವಿವಾರ ನವನಗರದ ಮನೆಯಲ್ಲಿ ಗಿಟಾರು ಕಲಿಸುತ್ತೇನೆ. ಶಾಸ್ತ್ರ ಕಲಿಸುತ್ತೀರೋ ಹಾಡು ಕಲಿಸುತ್ತೀರೋ ಎಂದು ತಂದೆತಾಯಿಗಳು ಕೇಳುತ್ತಾರೆ. ಮೊದಲ ತಿಂಗಳಲ್ಲಿ ಒಂದು ಹಾಡಾದರೂ ಪೂರ್ತಿ ಬಾರಿಸಿಯೇ ತೀರಬೇಕು ಎನ್ನುವುದು ನನ್ನ ನಿಯಮ. ಮೊದಲ ದಿನದಿಂದಲೇ ಕೈ ನೋಡುತ್ತೇನೆ. ಹೆಸರುಗಳು ಆಮೇಲೆ, ಮಗು ತಾನಾಗಿ ಇದಕ್ಕೆ ಏನನ್ನುತ್ತಾರೆ ಎಂದು ಕೇಳಿದ ದಿನ. ಕೆಲವರು ಎರಡನೆಯ ವಾರವೇ ಕೇಳುತ್ತಾರೆ, ಒಬ್ಬಳು ಒಂದೂವರೆ ವರ್ಷ ಕೇಳಲೇ ಇಲ್ಲ. ನನ್ನ ರೀತಿಯೇ ಸರಿ ಎಂದು ಹೇಳಲಾರೆ. ಒಬ್ಬರು ಕಿವಿ ಕೊಟ್ಟರು, ಒಬ್ಬರು ಕೈ ಕೊಟ್ಟರು. ಎರಡನ್ನೂ ಬಿಡಲು ನನಗೆ ಮನಸ್ಸಿಲ್ಲ, ಅಷ್ಟೇ. ಇಬ್ಬರನ್ನೂ ನೆನೆಯದೆ ನಾನು ಗಿಟಾರು ಎತ್ತಿಕೊಂಡ ದಿನವಿಲ್ಲ.

ಹೋದ ವರ್ಷ, ೨೦೦೮ರಲ್ಲಿ, ಕಾಕಾ ಕಾರ್ಖಾನೆಯ ಕೆಲಸ ಬಿಟ್ಟು ಗಬ್ಬೂರಿನ ಮನೆಯ ಪಡಸಾಲೆಯಲ್ಲೇ ಕಲಿಸಲು ಶುರು ಮಾಡಿದರು. ಬಾಗಿಲಿಗೆ ಒಂದು ಬೋರ್ಡು ಬರೆಸಿದರು: ‘ಗಿಟಾರ ಕಲಿಸಲಾಗುವದು. ಮೊದಲು ಕೈ ತೋರಿಸಬೇಕು.’ ಎರಡನೆಯ ಸಾಲು ಅವರೇ ಹಟ ಹಿಡಿದು ಸೇರಿಸಿದ್ದು.

ಬೋರ್ಡು ಹಾಕಿದ ವಾರವೇ ಹುಲಿಗೆವ್ವ ಎಂಬ ಅಜ್ಜಿ ಬೈಪಾಸಿನ ಆಚೆಯಿಂದ ನಡೆದು ಬಂದು, ಅಂಗೈ ಚಾಚಿ, ಮೊಮ್ಮಗಳಿಗೆ ನೌಕರಿ ಯಾವಾಗ ಸಿಗತೈತಿ ನೋಡ್ರಿ ಎಂದು ಕೇಳಿದಳಂತೆ. ಕಾಕಾ ನಗಲಿಲ್ಲ. ಅವಳನ್ನು ಕೂಡಿಸಿದರು, ಅಬೀದಾ ಚಿಕ್ಕಮ್ಮ ಚಹಾ ಕೊಟ್ಟರು. ಆ ಅಂಗೈಯನ್ನು ಕನ್ನಡಕ ಹಾಕಿಕೊಂಡು ಸಾವಕಾಶ ನೋಡಿ ಕಾಕಾ, “ಭಾಳ ದುಡದೀರಿ ನೀವು,” ಎಂದರಂತೆ. “ಅದಷ್ಟ ನನಗ ತಿಳಿತೈತಿ.”

ಈ ಬೋರ್ಡು ಬದಲಿಸ್ರಿ ಕಾಕಾ ಎಂದೆ ನಾನು. ಅವರು ತಲೆಯಾಡಿಸಿದರು.

“ಇರಲಿ ಬಿಡು. ಆಕಿ ಮೊಮ್ಮಗಳು ಮುಂದಿನ ಜುಮ್ಮಾದಿಂದ ಗಿಟಾರು ಕಲಿಯಾಕ ಬರ್ತಾಳ.”